ಕಟ್ಟಿನಲ್ಲಿ ಇರದ ಬಾವುಟ

ಮುರಾತ್ ತನ್ನ ಟರ್ಕಿಯ ಪುಟ್ಟ ಬಾವುಟವನ್ನು ಎಲ್ಚಿನ್ ತಂದಿದ್ದ ಕೇಸರಿ ಪಲಾವಿನಲ್ಲಿ ಊರಿದ. ಎಲ್ಚಿನ್ ಅದನ್ನು ಮೆಲ್ಲಗೆ ಕಿತ್ತು ವಾಪಸು ಕೊಟ್ಟ.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ವೈಟೂಕೆ ಕೆಲಸದಲ್ಲಿ ಮುಳುಗಿದ್ದ, ಅಮೆರಿಕದ ನಮ್ಮ ಪಾರ್ಸಿಪನಿ ಆಫೀಸಿನಲ್ಲಿ ಅಂದು ಪಾಟ್‌ಲಕ್. ಎಲ್ಲರೂ ತಮ್ಮ ದೇಶದ ಅಡುಗೆ ತಂದು ಅದರ ಮೇಲೆ ಬಾವುಟ ಇಡಬೇಕಿತ್ತು. ಅಂಗಡಿಯಿಂದ ತರಿಸಿದ್ದ ಬಾವುಟಗಳ ಕಟ್ಟಿನಲ್ಲಿ ಎಲ್ಚಿನ್‌ನ ಅಜರ್‌ಬೈಜಾನ್ ಇರಲೇ ಇಲ್ಲ. ಇವರಿಬ್ಬರೋ ಒಬ್ಬರದು ಇನ್ನೊಬ್ಬರಿಗೆ ತಿಳಿಯುವಷ್ಟು ಹತ್ತಿರದ ತಂತಮ್ಮ ಭಾಷೆಯಲ್ಲೇ ಹರಟೆ ಹೊಡೆಯುವವರು, ಅಣ್ಣತಮ್ಮಂದಿರೆಂದೇ ಹೇಳಿಕೊಳ್ಳುವವರು. ಈಗ ಮುರಾತ್‌ನ ಮುಖ ಸಪ್ಪಗಾಯಿತು.

ನಾನು ಸುಮ್ಮನಿರಲಾರದೆ, “ಇಬ್ಬರೂ ಒಂದೇ ಜನ ಅಂತೀರಲ್ಲ, ಅಡ್ಜಸ್ಟ್ ಮಾಡ್ಕೊ” ಎಂದು ಎಲ್ಚಿನ್‌ಗೆ ಹೇಳಿದೆ.

ಅವನು ಮುರಾತ್‌ನ ಹೆಗಲ ಮೇಲೆ ಕೈಯಿಟ್ಟ. “ನಾವು ಸೋವಿಯತ್‌ನಿಂದ ಬಿಡಿಸಿಕೊಂಡಾಗ ನಮ್ಮನ್ನ ದೇಶ ಅಂತ ಮೊದಲು ಒಪ್ಪಿದ್ದು ಇವರೇ. ಆದರೆ ಆವತ್ತು ಇವರು ಒಪ್ಪಿದ್ದು ನಮ್ಮ ಬಾವುಟವನ್ನ.”

ಮುರಾತ್ ಎದ್ದುಹೋಗಿ ಬೋರ್ಡಿನ ಬಳಿಯಿಂದ ನೀಲಿ, ಕೆಂಪು, ಹಸಿರು ಮಾರ್ಕರ್ ತಂದ. ಎಲ್ಚಿನ್ ಕಾಗದದ ಮೇಲೆ ಪಟ್ಟಿ ಬಳಿಯತೊಡಗಿದ. “ಚಂದ್ರ ನಾನು ಬಿಡಿಸ್ತೀನಿ, ನಮ್ಮ ಬಾವುಟದಲ್ಲೂ ಇದೆಯಲ್ಲ, ನನಗೆ ರೂಢಿ ಇದೆ” ಎಂದು ಮುರಾತ್ ಪಕ್ಕದಲ್ಲೇ ಕುಳಿತ.

ಆಗ ನನ್ನ ಡಬ್ಬಿಯ ಮೇಲೆ ನಾನೇ ಅಂಟಿಸಿದ್ದ ‘ಇಂಡಿಯನ್ ಬ್ರೆಡ್’ ಎಂಬ ಚೀಟಿ ಕಣ್ಣಿಗೆ ಬಿತ್ತು. ಅದನ್ನು ಕಿತ್ತು, ಅದೇ ಮಾರ್ಕರ್‌ಗಳಲ್ಲೊಂದರಿಂದ ಇನ್ನೊಂದು ಚೀಟಿಯಲ್ಲಿ ‘ಜೋಳದ ರೊಟ್ಟಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಹೆಸರು ಹೇಳಲು ಬಾರದವರೂ ಎರಡೆರಡು ತಿಂದರು.