ಒಂದೇ ಹಗ್ಗ

ಲಗ್ಗೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ನೆಲವನ್ನು ಅಳೆಯುತ್ತಿದ್ದುದು ಬಾವಿಯ ಹಳೇ ಹಗ್ಗಗಳನ್ನು ಜೋಡಿಸಿದ ಒಂದು ಉದ್ದನೆಯ ಹಗ್ಗದಿಂದ. ಯಾರಿಗೂ ಗೇಣು ಹೆಚ್ಚುಕಮ್ಮಿ ಆಗಬಾರದೆನ್ನುವ ಮನುಷ್ಯ. ಜಾಗದ ಸುತ್ತ ಹಗ್ಗ ಹಾಸಿ, ತುದಿಗಳನ್ನು ಸೇರಿಸಿ, ಹಲ್ಲಿನಿಂದ ಗಂಟು ಬಿಗಿದು, "ಅಗ್ಗ ಒಂದೇ ಅಲ್ವಾ? ಇನ್ನೇನು ತಕರಾರು?" ಎನ್ನುತ್ತಿದ್ದರು.

ಪೀಣ್ಯದ ಕಾರ್ಖಾನೆಗೆ ಬಿಟ್ಟುಕೊಟ್ಟ ಮೇಲೆ ಉಳಿದಿದ್ದ ಹೊಲವನ್ನು ಇಬ್ಬರು ಹೆಣ್ಣುಮಕ್ಕಳಿಗೂ ಹಾಗೆಯೇ ಪಾಲು ಮಾಡಿದರು. ದೊಡ್ಡವಳಿಗೆ ಚೌಕದ ತುಂಡು ಬಂತು. ಗಂಡ ಸತ್ತು ತವರಿಗೆ ಮರಳಿದ್ದ ಚಿಕ್ಕವಳಿಗೆ ಕಾರ್ಖಾನೆಯ ಗೋಡೆಗುಂಟ ಉದ್ದನೆಯ, ಕಿರಿದಾದ ಪಟ್ಟಿ. ಎರಡಕ್ಕೂ ಹಗ್ಗ ಸರಿಯಾಗಿ ಸುತ್ತು ಬಂದಿತ್ತು.

ಸುಗ್ಗಿಯಲ್ಲಿ ಅಕ್ಕನ ರಾಗಿ ಕಣ ತುಂಬಿತು. ತಂಗಿಯದು ಒಂದು ಮೂಲೆಗಾಯಿತು.

"ಅಗ್ಗ ಒಂದೇ ಅಲ್ವೇನವ್ವಾ?" ಎಂದರು ಅಪ್ಪ.

ಚಿಕ್ಕವಳು ಗಂಟು ಹಾಕಿದ ಆ ಹಗ್ಗವನ್ನೇ ತಂದು ಅಂಗಳದುದ್ದಕ್ಕೂ ಎಳೆದು, ಎರಡೂ ಎಳೆ ಒಂದಕ್ಕೊಂದು ತಾಗುವಂತೆ ಹಾಸಿದಳು.

"ಇದೂ ಅದೇ ಅಗ್ಗ ಕಣಪ್ಪಾ. ಇದರೊಳಗೆ ನಾನೆಲ್ಲಿ ಬಿತ್ತಲಿ?"

ಅವರು ಹಗ್ಗದ ಹತ್ತಿರ ಬಂದರು. ಆಮೇಲೆ ಎಳೆಗಳ ನಡುವೆ ಕಾಲಿನ ಹೆಬ್ಬೆರಳನ್ನು ತೂರಿಸಲು ನೋಡಿದರು. ಅದಕ್ಕೂ ನೆಲ ಸಿಗಲಿಲ್ಲ.