ನಮ್ಮ ಮನೆಗೆ ಬಾರದ ಮದುವೆ ಕಾಗದ

ಕಾಪುವಿನ ನಮ್ಮ ಆಫೀಸಿನ ಬೆಂಚು ಈಗಲೂ ನನ್ನ ಕನಸಿಗೆ ಬರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಅದರ ಮೇಲೆ ಅಡ್ಡಾದರೆ, ಫೋನಿನಲ್ಲಿ ಡ್ರೈವರಿಗೆ ದಾರಿ ಹೇಳುವ ಅಮ್ಮನ ಸ್ವರ. "ಕಾರ್ಕಳ ಬಿಟ್ಟಿರಾ? ನಿಟ್ಟೆಯಲ್ಲಿ ಕಾಲೇಜು ಬಿಡುವ ಹೊತ್ತು, ನಿಧಾನ. ಮತ್ತೆ ಬೆಳ್ಮಣ್ಣು, ಪಡುಬಿದ್ರಿ..." ಆ ಊರುಗಳ ಹೆಸರು ಕೇಳುತ್ತಾ ಕೇಳುತ್ತಾ ನನಗೆ ಜೊಂಪು ಹತ್ತುತ್ತಿತ್ತು. ಕಿಟಕಿಯಾಚೆ ಹೈವೇಯಲ್ಲಿ ಕೆಂಪು, ನೀಲಿ ಕಂಟೇನರುಗಳು ಚಕ್ರವೇ ಇಲ್ಲದೆ ತೇಲಿ ಹೋಗುತ್ತಿದ್ದವು. ಎಚ್ಚರವಾಗುವಾಗ ನಾಲ್ಕು ಗಂಟೆಯ ಚಹಾ ಬಂದಿರುತ್ತಿತ್ತು.

ನಮ್ಮದು ಕಂಟೇನರ್ ಸಾಗಾಟದ ಮನೆ ವ್ಯವಹಾರ. ನಾಲ್ಕು ಟ್ರೈಲರ್, ನಾಲ್ಕು ಜನ. ಗಾಡಿ ನೋಡುವುದು ಅಪ್ಪ, ಡ್ರೈವರುಗಳನ್ನು ನೋಡುವುದು ಅಣ್ಣ, ಕಂಪ್ಯೂಟರಿನಲ್ಲಿ ಗಾಡಿ ಬಂದರಿನ ಗೇಟು ದಾಟುವ ಸಮಯ ಕಾದಿರಿಸುವುದು ನಾನು. ದಾರಿ ಮಾತ್ರ ಅಮ್ಮನದು. ಅದಕ್ಕೆ ಅವಳದೇ ಒಂದು ಪದ್ಧತಿ ಉಂಟು: ಮನೆಗೆ ಬಂದ ಮದುವೆ ಕಾಗದಗಳನ್ನೆಲ್ಲ ಗೋಡೆಯ ಮೊಳೆಗೆ ಚುಚ್ಚುವುದು. ಹುಡುಗ ಯಾರು, ಹುಡುಗಿ ಯಾರು, ಎಂತದೂ ಬೇಡ. ಯಾವ ಹಾಲ್, ಮುಹೂರ್ತ ಎಷ್ಟು ಹೊತ್ತಿಗೆ, ಅಷ್ಟೇ. ಹಾಲಿನ ಎದುರು ಎರಡೂ ಬದಿ ಕಾರು ನಿಂತರೆ ನಲವತ್ತು ಅಡಿಯ ಕಂಟೇನರ್ ಹೋಗುವುದೆಲ್ಲಿಂದ? ಆ ದಿನ ಗಾಡಿಗೆ ಬೇರೆ ದಾರಿ. ಊರಿನ ಮದುವೆಗಳೆಲ್ಲ ಅವಳಿಗೆ ಬಾಯಿಪಾಠ, ಹೋದದ್ದು ಒಂದಕ್ಕೂ ಇಲ್ಲ. ಆ ದಿನವೇ ಫೋನಿನ ಹತ್ತಿರ ಕೂರಬೇಕಲ್ಲ. ನಮ್ಮನ್ನು ಕಳಿಸಿ, ಬಂದ ಮೇಲೆ ಊಟಕ್ಕೆ ಎಂತ ಇತ್ತು ಎಂದು ಕೇಳುತ್ತಿದ್ದಳು.

ನನ್ನ ಮದುವೆಯ ಹಿಂದಿನ ಸಂಜೆ ಕಾರ್ಕಳದ ಗೇರುಬೀಜ ಕಾರ್ಖಾನೆಯಿಂದ ಫೋನು. ಹಡಗು ಒಂದು ದಿನ ಮೊದಲೇ ಹೊರಡುತ್ತದಂತೆ, ನಾಳೆ ಮಧ್ಯಾಹ್ನ ಒಂದು ಗಂಟೆಯೊಳಗೆ ಅವರ ಕಂಟೇನರ್ ಬಂದರಿನ ಗೇಟು ದಾಟಬೇಕಂತೆ. ಹೊಸ ಗಿರಾಕಿ, ಇದೊಂದು ಸರಿಯಾಗಿ ಮುಟ್ಟಿಸಿದರೆ ವರ್ಷದ ಲೋಡು ಪೂರ್ತಿ ನಮಗೇ ಎಂದಿದ್ದರು. ಕೈತುಂಬ ಮದರಂಗಿ ಹಚ್ಚಿ ಕೂತಿದ್ದ ನಾನು ಬಾಯಲ್ಲಿ ಹೇಳಿದೆ, ಅಣ್ಣ ಕಂಪ್ಯೂಟರ್ ಒತ್ತಿದ. ಅಪ್ಪ ಗಾಡಿ ಗೊತ್ತು ಮಾಡಿದರು. ಅಮ್ಮ ಮೊಳೆಯ ಕಾಗದಗಳನ್ನು ಒಂದೊಂದಾಗಿ ಮಗುಚಿ, "ಬೆಳ್ಮಣ್ಣಿನ ದಾರಿಯಲ್ಲಿ ನಾಳೆ ಮದುವೆ ಎಂತದೂ ಇಲ್ಲ" ಅಂದಳು. ನಾವು ಮೂವರೂ ಹೂಂ ಅಂದೆವು.

ಮರುದಿನ ಬೆಳ್ಮಣ್ಣಿನ ಹಾಲಿನಲ್ಲಿ ಮದುಮಗಳಾಗಿ ಕೂತಿದ್ದೆ. ನಿದ್ದೆಗೆಟ್ಟ ಕಣ್ಣು, ತಲೆತುಂಬ ಮಲ್ಲಿಗೆ, ಹೋಮದ ಹೊಗೆ, ವಾಲಗ. ಎಲ್ಲವೂ ನೀರಿನಡಿಯಿಂದ ನೋಡಿದ ಹಾಗೆ ಅಲುಗಾಡುತ್ತಿತ್ತು. ಇನ್ನೇನು ಧಾರೆ ಎನ್ನುವಾಗ ಹೊರಗೊಂದು ಹಾರ್ನ್. ನಮ್ಮ ಗಾಡಿಯದೇ. ನಾಲ್ವರ ತಲೆಯೂ ಒಟ್ಟಿಗೆ ತಿರುಗಿತು, ನಾಲ್ವರಿಗೂ ಒಟ್ಟಿಗೇ ಹೊಳೆಯಿತು. ನನ್ನ ಮದುವೆಯ ಕಾಗದವನ್ನು ಐನೂರು ಮನೆಗೆ ಹಂಚಿದ್ದೆವು, ನಮ್ಮ ಮನೆಗೆ ತಂದುಕೊಡುವವರು ಯಾರು? ಮೊಳೆಯಲ್ಲಿ ಅದೊಂದು ಇರಲೇ ಇಲ್ಲ.

"ನೋಡಿ ಬರುತ್ತೇನೆ" ಎಂದು ಅಮ್ಮ ಎದ್ದೇಬಿಟ್ಟಳು. ಅಪ್ಪ ಅಮ್ಮ ಕೂಡಿಯೇ ಧಾರೆ ಎರೆಯಬೇಕು. ಪುರೋಹಿತರು ಗಡಿಯಾರ ನೋಡುತ್ತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು. ಮೊದಲಿಂದಲೂ ಸಿಟ್ಟಿಗೇನೂ ನನ್ನಲ್ಲಿ ಬರ ಇಲ್ಲ. "ಬೇರೆಯವರ ಮದುವೆ ಬಿಡು, ನನ್ನ ಮದುವೆಗೂ ಅಮ್ಮ ಇರುವುದಿಲ್ಲ ಅಲ್ವಾ?" ಎಂದು ಅಣ್ಣನನ್ನು ಕೇಳಿದೆ. ಪಕ್ಕದಲ್ಲಿದ್ದ ಮದುಮಗ, ಪಾಪ, ಇದೆಂತ ಮನೆಯಪ್ಪ ಎಂಬಂತೆ ನೋಡುತ್ತಿದ್ದರು.

ಅಮ್ಮ ತಿರುಗಿ ಬಂದಳು. ಸೀರೆಯ ಅಂಚಿಗೆಲ್ಲ ಧೂಳು. ಹಿಂದೆಯೇ ನಮ್ಮ ಹಳೆಯ ಡ್ರೈವರು. "ನೀವು ನಾಲ್ಕು ಜನ ಕೂತು ಮಾಡಿದ ಪ್ಲಾನ್ ಅಲ್ವಾ ಮಾರಾಯ, ಜಾಗ ಬಿಟ್ಟಿರಬಹುದು ಅಂದುಕೊಂಡೆ" ಎಂದು ಅಣ್ಣನ ಕಿವಿಯಲ್ಲಿ ಹೇಳುತ್ತಿದ್ದರು.

"ಗಾಡಿ ಹೋಯಿತಾ?" ಅಮ್ಮನನ್ನು ಕೇಳಿದೆ.

"ಇಲ್ಲ. ಹತ್ತು ಹದಿನೈದು ಕಾರು ಅಡ್ಡ ಉಂಟು. ಎಲ್ಲಕ್ಕಿಂತ ಎದುರು ನಿಂತದ್ದು ಮದುವೆಗೆ ಬಂದ ಗೇರುಬೀಜ ಕಾರ್ಖಾನೆಯ ಧಣಿಗಳ ಕಾರೇ. ಎಲ್ಲರನ್ನೂ ಹುಡುಕುತ್ತಾ ಕೂತರೆ ಮುಹೂರ್ತ ಮೀರುತ್ತದೆ. ಎಂಜಿನ್ ಬಂದ್ ಮಾಡಿಸಿದೆ."

"ಮತ್ತೆ ಹಡಗು?"

"ಹೋಗಲಿ. ನೀನು ಕೈ ಮುಂದೆ ಮಾಡು."

ಅಮ್ಮ ಅಪ್ಪನ ಪಕ್ಕ ನಿಂತು ಧಾರೆ ಎರೆದಳು. ನೀರು ನನ್ನ ಮದರಂಗಿಯ ಕೈಮೇಲೆ ಬೀಳುವಾಗ ನಾನು ಅತ್ತುಬಿಟ್ಟೆ. ಗಂಡನ ಮನೆಗೆ ಹೋಗುವ ದುಃಖ ಎಂದುಕೊಂಡು ಹೆಂಗಸರೆಲ್ಲ ಸಮಾಧಾನ ಮಾಡಿದರು.

ಕಾರುಗಳನ್ನೆಲ್ಲ ತೆಗೆಸುವಾಗ ಹನ್ನೆರಡೂವರೆ ದಾಟಿತ್ತು, ಇನ್ನು ಒಂದರೊಳಗೆ ಬಂದರು ಮುಟ್ಟುವ ಹಾಗಿರಲಿಲ್ಲ. ಕಂಟೇನರ್ ಮುಂದಿನ ವಾರದ ಹಡಗು ಹತ್ತಿತು. ಧಣಿಗಳು ದೂರುವುದಾದರೂ ಯಾವ ಬಾಯಲ್ಲಿ, ಅಡ್ಡ ನಿಂತದ್ದು ಅವರದೇ ಕಾರು. ವರ್ಷದ ಲೋಡು ನಮಗೇ ಬಂತು.

ಈಗ ನಾನು ಮಣಿಪಾಲದ ಗಂಡನ ಮನೆಯಲ್ಲಿ ಕೂತೇ ಗೇಟಿನ ಕೆಲಸ ನೋಡುತ್ತೇನೆ. ಇಲ್ಲಿಗೆ ಬಂದ ಮದುವೆ ಕಾಗದಗಳ ಫೋಟೋ ಮೊದಲು ಅಮ್ಮನಿಗೆ ಹೋಗುತ್ತದೆ. ದಿನ ಕಳೆದ ಕಾಗದಗಳನ್ನು ಅವಳು ಮೊಳೆಯಿಂದ ತೆಗೆದುಬಿಡುತ್ತಾಳೆ. ಮದುವೆ ಮುಗಿದ ಮೇಲೆ ಅವಳೇ ಚುಚ್ಚಿದ ನನ್ನದೊಂದು ಮಾತ್ರ ಬಣ್ಣ ಮಾಸಿ ಅಲ್ಲೇ ಉಂಟು. ಮುಗಿದ ಮದುವೆಯದ್ದು ಯಾಕೆ ಇಟ್ಟುಕೊಂಡಿದ್ದೀ ಎಂದು ಮೊನ್ನೆ ಕೇಳಿದೆ.

"ನಾನು ಹೋದ ಮದುವೆ ಅದೊಂದೇ ಅಲ್ವಾ, ಇರಲಿ ಬಿಡು" ಅಂದಳು.