ಅಣ್ಣನಿಗೆ ಹಿಡಿಸದ ಮಾತ್ರೆ

ಮಡಿಸಿದ ನೋಟು ಸಿಕ್ಕಿಸಿ ಸಿಕ್ಕಿಸಿ ಅಣ್ಣನ ಎಡಗೈ ಬೆರಳುಗಳ ಸಂದಿ ಅಗಲವಾಗಿತ್ತು. ರಜೆಯ ದಿನ ಸುಮ್ಮನೆ ಕೂತಾಗಲೂ ಆ ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ.

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್. ಯಾರು ಎಲ್ಲಿ ಇಳಿಯುತ್ತಾರೆಂದು ಕೇಳುತ್ತಲೇ ಇರಲಿಲ್ಲ. ನಿದ್ದೆ ಹೋದವರನ್ನು ತಾನೇ ಎಬ್ಬಿಸುತ್ತಿದ್ದ.

"ಏಳಿ ಅಜ್ಜಿ, ಅಳಿಯನ ಮನೆ ಬಂತು. ಈ ಸಲನಾದ್ರೂ ಜಗಳ ಆಡ್ದೆ ಬನ್ನಿ."

"ನಿಂಗ್ಯಾಕೋ ಅದೆಲ್ಲ? ಸೀಟಿ ಹೊಡಿ!" ಎಂದು ಅಜ್ಜಿ ಗದರಿದರೆ ಬಸ್ಸೆಲ್ಲ ನಗುತ್ತಿತ್ತು.

ಅವನು ಮದುವೆಯಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ನಾನು ಅವನ ಜೊತೆಯಲ್ಲೇ ಇದ್ದೆ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಅಣ್ಣನಿಗೆ ಸ್ಟ್ರೋಕ್ ಆದ ಮೇಲೆ ಕೈಕಾಲು ಬೇಗ ಸರಿಹೋದವು, ತಲೆಗೆ ಮಾತ್ರ ಮಂಕು ಕವಿಯಿತು. ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಹೊಸನಗರ ಮೊದಲೋ ತೀರ್ಥಹಳ್ಳಿ ಮೊದಲೋ ತಿಳಿಯದೆ ಕಣ್ಣು ತುಂಬಿಕೊಳ್ಳುತ್ತಿದ್ದ. ಡಾಕ್ಟರು ಹೊಸದೊಂದು ಮಾತ್ರೆ ಬರೆದರು.

"ಇದು ನೆನಪಿಗೆ, ಬುದ್ಧಿಗೆ. ಎಲ್ರಿಗೂ ಹಿಡಿಸುತ್ತೆ ಅಂತ ಹೇಳಕ್ಕಾಗಲ್ಲಮ್ಮ. ಬಿಡ್ದೆ ಕೊಡಿ, ಮೂರು ತಿಂಗಳಾದ್ಮೇಲೆ ನೋಡೋಣ."

ಅದನ್ನು ನುಂಗಿದಾಗಿನಿಂದ ಅಣ್ಣನಿಗೆ ವಾಕರಿಕೆ. ಗಂಜಿಯೂ ಇಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಅಕ್ಕ ಲಕ್ವಕ್ಕೆಂದು ನಾಟಿ ಔಷಧಿ ತರಿಸಿಕೊಟ್ಟರು. "ಪಥ್ಯ ಗಟ್ಟಿ ಮಾಡ್ಬೇಕು ಮಾರಾಯ್ತಿ. ಬೇರುಮದ್ದಿನ ಜೊತೆ ಉಷ್ಣದ ಮಾತ್ರೆ ಕೂಡಲ್ಲ" ಎಂದರು. ಬದನೆಕಾಯಿ, ಹುಳಿ ಬಿಡಿಸಿದ ಹಾಗೆ ಆ ಮಾತ್ರೆಯನ್ನೂ ಬಿಡಿಸಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟಿದ್ದ ಮಾತ್ರೆ ನಿಲ್ಲಿಸಲು ಭಯವಾಯಿತು. ಇದು ಬರೀ ನೆನಪಿನದು ತಾನೇ ಅಂದುಕೊಂಡೆ. ಡಾಕ್ಟರನ್ನು ಕೇಳಲಿಲ್ಲ.

ಮೂರು ತಿಂಗಳಾದ ಮೇಲೆ ಡಾಕ್ಟರು ಅವನಿಗೆ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅಣ್ಣ ದುಂಡಗೆ ಗೆರೆ ಎಳೆದು, ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ.

"ಮಾತ್ರೆ ತಪ್ಪದೆ ಕೊಟ್ರೇನಮ್ಮ?"

ಬೈಯುತ್ತಾರೆಂದು ಹೆದರಿ, "ಕೊಟ್ಟೆ ಸಾರ್" ಎಂದೆ.

"ಹಂಗಾದ್ರೆ ಇವರಿಗೆ ಹಿಡಿಸಿಲ್ಲ. ನಿಲ್ಸಿಬಿಡೋಣ."

ಆಗ ಅಣ್ಣ ಡಾಕ್ಟರ ಕಡೆ ತಿರುಗಿ ಒಂದೊಂದೇ ಪದ ಹುಡುಕಿ, "ನನ್ನ ತಂಗಿ... ಚೆನ್ನಾಗಿ... ನೋಡ್ಕೋತಾಳೆ" ಎಂದ. ಕಾಯಿಲೆ ಬಿದ್ದ ಮೇಲೆ ಅವನು ಪೂರ್ತಿ ಮಾಡಿದ ಮಾತು ಅದೊಂದೇ.

ಮುಂದಿನ ಮಳೆಗಾಲದಲ್ಲಿ ಎರಡನೇ ಸಲ ಸ್ಟ್ರೋಕ್ ಆಗಿ ಹೋಗಿಬಿಟ್ಟ. ಆ ಮಾತ್ರೆಯಿಂದ ಗುಣವಾಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದೆ. ಅವನ ಬಾಯಿಂದ ಇನ್ನೂ ಒಂದು ಮಾತು ಕೇಳಬೇಕು ಅನಿಸುತ್ತದೆ. ಬೈಗುಳವಾದರೂ ಸರಿ.